ಹದಿನೇಳನೆಯ ಪ್ರಶ್ನೆ

ಇಳಕಲ್ಲಿನಿಂದ ಬಂದಿದ್ದ ಶಾಬುದ್ದೀನ ಕುರ್ಚಿಯ ಮೇಲೆ ಕೂಡ್ರಲೇ ಇಲ್ಲ. ಶಿವಬಸವ್ವ ಮೂರು ಸಲ ಹೇಳಿದಳು. ಮೂರು ಸಲವೂ ಆತ "ಇರ್ಲಿ ಬಿಡ್ರಿ ಅಕ್ಕಾರ" ಎಂದು ಬಾಗಿಲ ಚೌಕಟ್ಟಿಗೆ ಆತುಕೊಂಡೇ ನಿಂತ. ಹಾಗೆ ನೋಡಿದರೆ ಅವಳೂ ಕೂತಿರಲಿಲ್ಲ. ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ಮೇಜಿಗೆ ಅಡ್ಡಾಡುವುದು ಹದಿನೈದು ದಿನದಿಂದ ಅವಳಿಗೆ ಅಂಟಿಕೊಂಡಿದ್ದ ಚಾಳಿ. ಪಿಎಚ್‌ಡಿ ಪ್ರಬಂಧ ಒಪ್ಪಿಸಲು ನಲವತ್ತು ದಿನ ಉಳಿದಿತ್ತು. ಒಪ್ಪಿಸುವ ಮೊದಲೇ ಅದು ಅವಳ ಕೈತಪ್ಪಿ ಊರೂರು ಸುತ್ತತೊಡಗಿತ್ತು.

ಶಾಬುದ್ದೀನ ನೇಕಾರ. ಐವತ್ತರ ಹತ್ತಿರದ ವಯಸ್ಸು, ತೆಳ್ಳಗಿನ ಮೈ, ತಲೆಗೆ ಬಿಳಿ ಟೋಪಿ. ಅಂಗಿಯ ಕಿಸೆಯಿಂದ ನಾಲ್ಕು ಮಡಿಕೆ ಹಾಕಿದ್ದ ಪತ್ರಿಕೆಯ ತುಂಡೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಅದರಲ್ಲೇನಿದೆ ಎಂದು ಶಿವಬಸವ್ವ ಬಿಚ್ಚಿ ನೋಡಬೇಕಾಗಿರಲಿಲ್ಲ. 'ಇಳಕಲ್ಲ ಹೆಂಗಸರಿಗೆ ತಮ್ಮವರ ಮೇಲೆ ನಂಬಿಕೆಯಿಲ್ಲ! ಬಾಗಲಕೋಟೆ ಉಪನ್ಯಾಸಕಿಯ ಸಂಶೋಧನೆ.' ಆ ಉದ್ಗಾರ ಚಿಹ್ನೆ ಪತ್ರಿಕೆಯವರದು. ಉಳಿದದ್ದು ಹದಿನೈದು ದಿನದ ಹಿಂದೆ ಕಾಲೇಜಿನ ಭಾಷಣವೊಂದರಲ್ಲಿ ಅವಳೇ ಆಡಿದ್ದು.

"ನಮ್ಮ ಮನಿಯಾಕಿ ನಿಮ್ಮ ಹಾಳಿ ಮ್ಯಾಲ ಏನ ಬರಿಸ್ಯಾಳ, ಅದನ್ನೊಮ್ಮೆ ನೋಡಬೇಕಾಗಿತ್ತರಿ" ಎಂದ ಶಾಬುದ್ದೀನ.

"ಅದನ್ನ ಯಾರಿಗೂ ತೋರಸಂಗಿಲ್ಲರಿ. ಯಾರಿಗೂ ಹೇಳಂಗಿಲ್ಲ ಅಂತ ಮಾತ ಕೊಟ್ಟು ಬರಕೊಂಡೇನಿ."

"ನಾ ಗಂಡ ಅದೀನ್ರಿ."

"ಗಂಡಗೂ ಇಲ್ಲರಿ."

ಶಾಬುದ್ದೀನ ಸಿಟ್ಟಿಗೇಳಲಿಲ್ಲ. ಸಿಟ್ಟಿಗೆದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಆತ ಟೋಪಿ ಸರಿಮಾಡಿಕೊಂಡು ನಡೆದದ್ದನ್ನು ಹೇಳಿದ. ಉಪನ್ಯಾಸಕಿ ಪ್ರಶ್ನೆ ಕೇಳಲು ಅವನ ಮನೆಗೆ ಬಂದುಹೋದದ್ದು ಓಣಿಗೆಲ್ಲ ಗೊತ್ತಿತ್ತು. ಪತ್ರಿಕೆ ಬಂದ ಮರುದಿನವೇ ಮಸೀದಿಯ ಜಮಾತಿನ ಹಿರಿಯರು ಅವನನ್ನು ಕರೆಸಿದ್ದರು. ನಿನ್ನ ಹೆಂಡತಿ ನಮ್ಮ ಮಂದಿಯನ್ನು ನಂಬುವುದಿಲ್ಲವಂತೆ, ಬೇರೆ ಓಣಿಯ ಹೆಂಗಸರನ್ನು ನಂಬುತ್ತಾಳಂತೆ, ಏನಿದು ಎಂದು ಕೇಳಿದ್ದರು. ಆ ಕಡೆ ನೆರೆಮನೆಯ ರಂಗವ್ವನಲ್ಲಿಗೂ ಅವರ ದೈವದ, ಎಂದರೆ ಜಾತಿ ಪಂಚಾಯತಿಯ, ಹಿರಿಯರು ಹೋಗಿ ಅದನ್ನೇ ತಿರುಗಿಸಿ ಕೇಳಿದ್ದರು. ಈ ಒಂದು ವಿಷಯದಲ್ಲಿ ಎರಡೂ ಕಡೆಯ ಹಿರಿಯರಲ್ಲಿ ಒಂದಕ್ಷರದ ವ್ಯತ್ಯಾಸವೂ ಇರಲಿಲ್ಲ.

"ನಾ ಅವರ ಮುಂದ ಏನ ಹೇಳಿ ಬಂದೀನಿ ಗೊತ್ತೇನ್ರಿ ಅಕ್ಕಾರ? ಆಕಿ ನಿಮ್ಮನ್ನ ನಂಬಲಿ ಬಿಡಲಿ, ನನ್ನ ನಂಬ್ಯಾಳ. ನನಗ ಅಷ್ಟ ಸಾಕು ಅಂದೆ. ಎಲ್ಲಾರೂ ಸುಮ್ಮನಾದ್ರು." ಹೇಳುವಾಗ ಶಾಬುದ್ದೀನನ ಮುಖದಲ್ಲಿ ಮೊದಲ ಸಲ ಸಣ್ಣ ನಗು ಕಂಡಿತು. "ಆದ್ರ ಹೆಂಗಸರನ್ನ ಬರಗೊಡವಲ್ರು, ಅಂಗಳ ಬಂದ್ ಆಗೇತ್ರಿ. ನೀವ ಬಂದು ಒಂದ ಮಾತ ಹೇಳಿದ್ರ ಛಲೋ ಆಗತಿತ್ತು."

ಅಂಗಳವೆಂದರೆ ಶಾಬುದ್ದೀನನ ಹೆಂಡತಿ ಕಾಸಿಂಬಿಯ ಮನೆಯ ಅಂಗಳ. ಸುತ್ತಲಿನ ನಾಲ್ಕು ಓಣಿಯ ಹೆಂಗಸರು, ಇವರು ಅವರು ಎನ್ನದೆ, ಅಡುಗೆ ಮುಗಿಸಿ ಅಲ್ಲಿ ಬಂದು ಕೂತು ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕುವ ಕಣ್ಣುರಿಯ ಕೆಲಸಕ್ಕೆ ಒಬ್ಬರಿಗೊಬ್ಬರು ಕೈಜೋಡಿಸುತ್ತಿದ್ದರು. ಮೂರು ವರ್ಷದ ಹಿಂದೆ ಶಿವಬಸವ್ವ ಮೊದಲ ಸಲ ಇಳಕಲ್ಲಿಗೆ ಹೋದಾಗ ಆ ಅಂಗಳ ನೋಡಿಯೇ ಅವಳ ಪ್ರಬಂಧಕ್ಕೆ ಜೀವ ಬಂದಿತ್ತು. ಈಗ ಆ ಪ್ರಬಂಧವೇ ಅಂಗಳವನ್ನು ಮುಚ್ಚಿಸಿತ್ತು. ನಾಳೆಯೇ ಬರುತ್ತೇನೆ ಎಂದು ಶಾಬುದ್ದೀನನಿಗೆ ಹೇಳಿ ಕಳಿಸಿದಳು.

ಅವಳ ಸಂಶೋಧನೆ ಇಷ್ಟೇ. ಹೆಂಗಸರು ಮತ್ತು ಗಂಡಸರು ತಮ್ಮ ಜಾತಿ ಧರ್ಮದವರನ್ನು ಎಷ್ಟು ನಂಬುತ್ತಾರೆ, ಬೇರೆಯವರನ್ನು ಎಷ್ಟು ನಂಬುತ್ತಾರೆ ಎಂದು ಅಳೆಯುವುದು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಎಂದು ನಾಲ್ಕು ಊರು. ನೂರಿಪ್ಪತ್ತು ಹೆಂಗಸರನ್ನು ಅವಳೇ ಕೂತು ಕೇಳಿದ್ದಳು. ಅಷ್ಟೇ ಗಂಡಸರನ್ನು ಅವಳ ಹಳೆಯ ವಿದ್ಯಾರ್ಥಿ ಬಸಯ್ಯ ಚಹಾದಂಗಡಿ, ಮಗ್ಗದ ಮನೆ ಎಂದು ಅಲೆದು ಕೇಳಿ ತಂದಿದ್ದ. ಪ್ರಶ್ನೆಗಳು ಮೂವತ್ತೆರಡು. ಹದಿನೇಳನೆಯದು: 'ನಿಮ್ಮವರನ್ನು ನೀವು ಎಷ್ಟರ ಮಟ್ಟಿಗೆ ನಂಬುತ್ತೀರಿ?' ಅದಕ್ಕೆ ನಾಲ್ಕು ಉತ್ತರ. ಪೂರ್ತಿ, ಬಹುಮಟ್ಟಿಗೆ, ಸ್ವಲ್ಪ, ಇಲ್ಲವೇ ಇಲ್ಲ.

ಗಂಡಸರು ಕಣ್ಣು ಮುಚ್ಚಿ 'ಪೂರ್ತಿ' ಎಂದಿದ್ದರು. ಹೆಂಗಸರಲ್ಲಿ ಮೂರರಲ್ಲಿ ಎರಡು ಪಾಲು 'ಸ್ವಲ್ಪ', ಇಲ್ಲವೆಂದರೆ 'ಇಲ್ಲವೇ ಇಲ್ಲ'. ಅದೇ ಹೆಂಗಸರು ಬೇರೆ ಧರ್ಮದ ನೆರೆಮನೆಯವಳನ್ನು ನಂಬುತ್ತೀರಾ ಎಂಬ ಹದಿನೆಂಟನೆಯ ಪ್ರಶ್ನೆಗೆ 'ಪೂರ್ತಿ' ಎಂದುಬಿಟ್ಟಿದ್ದರು. ಈ ಲೆಕ್ಕ ಕೈಗೆ ಬಂದ ದಿನ ಶಿವಬಸವ್ವ ವಿದ್ಯಾಗಿರಿಯ ತನ್ನ ಖೋಲಿಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದ್ದಳು. 'ಧರ್ಮದ ಗೋಡೆ ಗಂಡಸರು ಕಟ್ಟಿದ್ದು, ಹೆಂಗಸರು ಅದರ ಮೇಲೆ ಬಟ್ಟೆ ಒಣಹಾಕುತ್ತಾರೆ ಅಷ್ಟೇ' ಎಂದು ಐದನೆಯ ಅಧ್ಯಾಯದಲ್ಲಿ ಬರೆದಳು. ಧಾರವಾಡದ ಗೈಡು, ಯಾವುದನ್ನೂ ಹೊಗಳದ ಮನುಷ್ಯ, ಆ ಸಾಲಿನ ಕೆಳಗೆ ಗೆರೆ ಎಳೆದು 'ಚೆನ್ನಾಗಿದೆ' ಎಂದು ಬರೆದು ಕಳಿಸಿದ್ದರು. ಅವಳು ಆ ಹಾಳೆಯನ್ನು ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡಳು.

ಈ ಉತ್ತರ ಬರಲಿ ಎಂದು ಅವಳು ಹದಿನಾರು ವರ್ಷದಿಂದ ಕಾಯುತ್ತಿದ್ದಳು ಎಂದರೂ ಸುಳ್ಳಲ್ಲ. ಅವಳ ತಂದೆ ಈರಪ್ಪ ಬಾಗಲಕೋಟೆಯ ಪೇಟೆಯಲ್ಲಿ ಹತ್ತಿಯ ವ್ಯಾಪಾರಿ. ಮನೆಗೆ ಹೊಸಬರು ಯಾರೇ ಬರಲಿ, ನೀರು ಕೊಡುವ ಮೊದಲೇ ಅವರ ಬಾಯಿಂದ ಬರುತ್ತಿದ್ದ ಮಾತು ಒಂದೇ. "ನಮ್ಮವರೇನು?" ೧೯೬೮ರಲ್ಲಿ ಬಾದಾಮಿಯ ಮುದಕಪ್ಪ ಎಂಬ ಹುಡುಗ, ಅವಳ ಜತೆ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದವ, ಧೈರ್ಯ ಮಾಡಿ ಮನೆಗೆ ಬಂದಿದ್ದ. ಅಪ್ಪ ಅದನ್ನೇ ಕೇಳಿದರು. "ಅಲ್ರಿ, ನಾವು ಕುರುಬರು, ಬೀರಪ್ಪನ ಒಕ್ಕಲು" ಎಂದು ಮುದಕಪ್ಪ ನಗುತ್ತಲೇ ಹೇಳಿ, ಕೊಟ್ಟ ಚಹಾ ಕುಡಿದು, ಬಸಿ ಕೆಳಗಿಟ್ಟು ಹೋದ. ಮತ್ತೆ ಬರಲಿಲ್ಲ. ಅವಳೂ ಕರೆಯಲಿಲ್ಲ. ಆಮೇಲೆ ಬಂದ ಯಾವ 'ನಮ್ಮವ'ನನ್ನೂ ಅವಳು ಒಪ್ಪಲಿಲ್ಲ. ಎರಡು ವರ್ಷದ ಹಿಂದೆ ಪ್ರಶ್ನೆ ಕೇಳಲು ಬಾದಾಮಿಗೆ ಹೋದಾಗ ರೈಲು ನಿಲ್ದಾಣದಲ್ಲಿ ಅವನನ್ನು ಹೆಂಡತಿ ಮಕ್ಕಳ ಜೊತೆ ಕಂಡು, ಮಾತಾಡಿಸುವುದು ಬಿಟ್ಟು ಬುಕಿಂಗ್ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಿದ್ದಳು. ಆಗ ಅವಳಿಗೆ ತನ್ನ ಮೇಲೆ ಬಂದ ಸಿಟ್ಟು ಬನಶಂಕರಿ ಹೊಂಡದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರನ್ನು ಕೇಳುತ್ತ ಕೂತ ಮಧ್ಯಾಹ್ನವೆಲ್ಲ ಇಳಿದಿರಲಿಲ್ಲ.

ಹೀಗಾಗಿ 'ನಮ್ಮವರು' ಎಂಬ ಶಬ್ದ ಕೇಳಿದರೆ ಅವಳ ತಲೆಯಲ್ಲಿ ಬೇರಾವ ಅರ್ಥವೂ ಏಳುತ್ತಿರಲಿಲ್ಲ.

ಮರುದಿನ ಮುಂಜಾನೆ ಬಸ್ಸು ಹತ್ತಿದಳು. ಅಮೀನಗಡದಲ್ಲಿ ಕರದಂಟಿನ ಡಬ್ಬಿ ಹಿಡಿದು ಕಿಟಕಿಗೆ ಬಂದವನಿಗೆ ಬೇಡವೆಂದಳು, ಬಸ್ಸು ಬಿಟ್ಟಮೇಲೆ ತಗೊಂಡಿದ್ದರೆ ಕಾಸಿಂಬಿಯ ಮನೆಗಾಗುತ್ತಿತ್ತಲ್ಲ ಎಂದು ಹಳಹಳಿಸಿದಳು. ಇಳಕಲ್ಲಿನಲ್ಲಿ ಹಿರಿಯರ ಮುಂದೆ ಏನು ಹೇಳುವುದು? ನಿಮ್ಮ ಹೆಂಗಸರು ದೊಡ್ಡ ಮನಸ್ಸಿನವರು, ನೀವು ಸಣ್ಣ ಮನಸ್ಸಿನವರು ಎನ್ನುವುದೇ? ಅದೇ ಅವಳ ಪ್ರಬಂಧದ ಸಾರ. ಅದನ್ನು ಹಿಡಿದುಕೊಂಡು ಹೋದರೆ ಅಂಗಳ ತೆರೆಯುವ ಮಾತು ಹಾಗಿರಲಿ, ಮನೆಬಾಗಿಲೂ ಮುಚ್ಚುತ್ತಿತ್ತು. ಚೀಲದಲ್ಲಿದ್ದ ಕಾಗದಗಳನ್ನು ತೆಗೆಯುತ್ತ, ಓದದೆ ಮತ್ತೆ ತುರುಕುತ್ತ ಹುನಗುಂದ ತಲುಪಿದಳು. ಇಳಕಲ್ಲಿನ ಬಸ್ಸಿಗೆ ಮುಕ್ಕಾಲು ತಾಸು ಇತ್ತು.

"ಅಯ್ಯ, ಪ್ರಶ್ನಿ ಕೇಳೂ ಅಕ್ಕಾರ!"

ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದ ಹೆಂಗಸು ಕೈಬೀಸಿ ಕರೆದಳು. ಮಗ್ಗುಲಲ್ಲಿ ಕಂಬಳಿಗಳ ಗಂಟು. ಹನಮವ್ವ. ಹುನಗುಂದದ ಹತ್ತಿರದ ಹಳ್ಳಿಯ ಕುರುಬರವಳು, ನೂರಿಪ್ಪತ್ತರಲ್ಲಿ ಒಬ್ಬಳು. ಕೇಳುವಾಗ ಬಹಳ ಮಾತಾಡಿ ಶಿವಬಸವ್ವನಿಗೆ ಸಾಕುಸಾಕು ಮಾಡಿದ್ದಳು ಎಂದೇ ನೆನಪಿನಲ್ಲಿ ಉಳಿದವಳು. ಪಕ್ಕದಲ್ಲಿ ಜಾಗ ಮಾಡಿಕೊಟ್ಟು, ಎಲ್ಲಿಗೆ ಹೋಗುತ್ತೀರಿ, ಊಟ ಆಯಿತೇ ಎಂದೆಲ್ಲ ವಿಚಾರಿಸಿ, ಆಮೇಲೆ ಕೇಳಿದಳು.

"ಅಂದ ಬರೇ ನೀವ ಕೇಳಿದ್ರಿ, ನಾ ಕೇಳಲೇ ಇಲ್ಲ ನೋಡ್ರಿ. ನಿಮ್ಮವರು ಏನ ಮಾಡ್ತಾರ್ರಿ?"

ಶಿವಬಸವ್ವ ಮನಸ್ಸು ಎಲ್ಲೋ ಇಟ್ಟುಕೊಂಡು ಹೇಳಿದಳು. "ಒಕ್ಕಲುತನ ಮಾಡವರು ಅದಾರ. ವ್ಯಾಪಾರ ಮಾಡವರು ಅದಾರ. ಈಗೀಗ ನೌಕರಿ ಮಾಡವರೂ ಭಾಳ ಆಗ್ಯಾರ."

ಹನಮವ್ವ ಬಾಯಿ ತೆರೆದಳು. ಸ್ವಲ್ಪ ಹೊತ್ತು ಅದು ಹಾಗೇ ತೆರೆದಿತ್ತು.

"ಎಷ್ಟ ಮಂದಿ ಅದಾರ್ರಿ ಅಕ್ಕಾರ ನಿಮಗ?"

"ಯಾರು?"

"ನಿಮ್ಮವರು! ನನಗ ಒಬ್ಬರ ಸಾಕಾಗಿ ಹೋಗ್ಯಾರ." ಹನಮವ್ವ ಹೊಟ್ಟೆ ಹಿಡಿದು ನಗತೊಡಗಿದಳು. ನಗುತ್ತಲೇ ಶಿವಬಸವ್ವನ ಕೊರಳು ನೋಡಿ, ತಾಳಿಯಿಲ್ಲದ್ದು ಕಂಡು ನಗು ಕಡಿಮೆ ಮಾಡಿದಳು. "ಮದುವಿ ಆಗಿಲ್ಲೇನ್ರಿ? ನಾ ಒಂದ ತಿಳಕೊಂಡೆ, ನೀವ ಒಂದ ಹೇಳಿದ್ರಿ. ಹೋಗ್ಲಿ ಬಿಡ್ರಿ. ನೀವ ಸಿಕ್ಕಿದ್ದು ಛಲೋ ಆತು. ಆ ಹಾಳಿ ಮ್ಯಾಲ ಒಂದೀಟ ತಿದ್ದಬೇಕ್ರಿ. ನಮ್ಮವರನ್ನ ಎಷ್ಟ ನಂಬತಿ ಅಂತ ಕೇಳಿದ್ರಿ ನೋಡ್ರಿ, ಆವಾಗ ನಾ 'ಇಲ್ಲವೇ ಇಲ್ಲ' ಅಂತ ಬರಿಸಿದ್ದೆ. ಈಗ ಭಾಳ ಸುಧಾರಿಸ್ಯಾರ್ರಿ. ಸಂತಿ ದಿನ ಅಷ್ಟ ಕುಡಿತಾರ. ಅದನ್ನ ಹೊಡದಹಾಕಿ 'ಸ್ವಲ್ಪ' ಅಂತ ಬರಕೋರಿ. ಪಾಪ, ಅನ್ನೂದ ಅನ್ನಬೇಕ."

ಶಿವಬಸವ್ವ ಎದ್ದು ನಿಂತಳು, ಎರಡು ಹೆಜ್ಜೆ ನಡೆದಳು, ಮತ್ತೆ ಬಂದು ಕೂತಳು. ಚೀಲದಿಂದ ಹಾಳೆಗಳ ಕಟ್ಟು ತೆಗೆದಳು. ಹೆಂಗಸರು ಉತ್ತರದ ಜೊತೆ ಆಡಿದ ಹೆಚ್ಚುವರಿ ಮಾತನ್ನು ಅಂಚಿನಲ್ಲಿ ಚುಟುಕಾಗಿ ಬರೆದುಕೊಳ್ಳುವುದು ಅವಳ ಪದ್ಧತಿ. ಈಗ ಆ ಅಂಚುಗಳನ್ನು ಓದಿದಳು. 'ಕುಡಿತ.' ಇದನ್ನು ಅವಳು ಸಮುದಾಯದ ದುಶ್ಚಟವೆಂದು ವಿಂಗಡಿಸಿದ್ದಳು. 'ಸಿಟ್ಟು ಬಹಳ.' ಗುಂಪಿನ ಉದ್ರೇಕ. 'ತಾಯಿಯ ಮಾತು ಕೇಳುತ್ತಾರೆ.' ಸಂಪ್ರದಾಯನಿಷ್ಠೆ. ಬಾದಾಮಿಯ ಮುದುಕಿಯೊಬ್ಬಳು 'ತೀರಿಹೋಗಿ ಆರು ವರ್ಷವಾಯಿತು, ಈಗೇನು ನಂಬಲಿ' ಎಂದಿದ್ದಳು. ಅದನ್ನು ಗುಂಪಿನ ಅವನತಿಯ ಬಗ್ಗೆ ಆಳವಾದ ಮಾತು ಎಂದು ತಿಳಿದು ಪ್ರಬಂಧದಲ್ಲಿ ಉಲ್ಲೇಖವನ್ನೇ ಮಾಡಿದ್ದಳು.

ಪಿಎಚ್‌ಡಿಗೆ ಕೂತು ಏಳು ವರ್ಷ. ನಾಲ್ಕು ಊರು. ನೂರಿಪ್ಪತ್ತು ಹೆಂಗಸರು ಗಂಡಂದಿರ ಬಗ್ಗೆ ಎಂದೂ ಯಾರ ಮುಂದೂ ಆಡದ ಮಾತನ್ನು, ಈ ಅಕ್ಕಾರು ಯಾರಿಗೂ ಹೇಳುವುದಿಲ್ಲ ಎಂದು ನಂಬಿ ಅವಳ ಮುಂದೆ ಆಡಿದ್ದರು. ಅವಳು ಅದನ್ನು ಜಾತಿ ಧರ್ಮದ ಲೆಕ್ಕಕ್ಕೆ ಬರೆದುಕೊಂಡು ಚಪ್ಪಾಳೆ ತಟ್ಟಿದ್ದಳು. ಲೋಕದಲ್ಲಿ ಗಂಡನಿದ್ದ ಯಾವ ಹೆಂಗಸಿನಿಂದಲೂ ಆಗಲಾರದ ತಪ್ಪು ಇದು ಎಂದು ಅವಳಿಗೆ ಹೊಳೆಯಿತು.

"ತಿದ್ದಿದ್ರೇನ್ರಿ?" ಎಂದಳು ಹನಮವ್ವ.

"ತಿದ್ದಿದೆ" ಎಂದು ಶಿವಬಸವ್ವ ಹನಮವ್ವನ ಕಣ್ಣೆದುರಿಗೇ ಅವಳ ಹಾಳೆಯಲ್ಲಿ 'ಸ್ವಲ್ಪ' ಎಂದು ಬರೆದಳು.

ಇಳಕಲ್ಲಿನ ಅಂಗಳ ಶಾಬುದ್ದೀನ ಹೇಳಿದ ಹಾಗೇ ಇತ್ತು. ಗೋಡೆಗೆ ಆನಿಸಿಟ್ಟ ನಾಲ್ಕು ರಾಟೆಗಳು, ಸುತ್ತಿ ಮುಗಿಸದ ನೂಲು, ಕೊಂಡಿ ಹಾಕದೆ ಬಿಟ್ಟ ಸೆರಗಿನ ಹಾಸು. ಕಾಸಿಂಬಿ ಒಬ್ಬಳೇ ಕೂತು ಕಂಡಿಕೆ ಸುತ್ತುತ್ತಿದ್ದಳು. ಒಳಗಿನ ಮಗ್ಗದ ಮನೆಯಿಂದ ಲಾಳಿಯ ಸದ್ದು ಬರುತ್ತಿತ್ತು. ಶಾಬುದ್ದೀನ ಬಾಗಿಲಿಗೆ ಬಂದು, "ಬಂದ್ರಿ? ಕುಂಡ್ರಿ, ನಾ ಹಿರ್ಯಾರಿಗೆ ಹೇಳಿ ಕಳಸ್ತೇನಿ" ಎಂದ.

"ಬ್ಯಾಡ್ರಿ. ಮೊದಲ ಕಾಸಿಂಬಿ ಅವರ ಜೋಡಿ ಮಾತಾಡತೇನಿ" ಎಂದಳು ಶಿವಬಸವ್ವ. ಆತ ಒಳಗೆ ಹೋದ. ಲಾಳಿ ಮತ್ತೆ ಓಡತೊಡಗಿತು.

ಅವಳು ದನಿ ತಗ್ಗಿಸಿ ಕೇಳಿದಳು. "ನಿಮ್ಮವರನ್ನ ಎಷ್ಟ ನಂಬತೀರಿ ಅಂತ ಕೇಳಿದ್ನಲ್ಲ. ನಿಮ್ಮವರು ಅಂದ್ರ ಯಾರ ಅಂತ ತಿಳಕೊಂಡ್ರಿ?"

ಕಾಸಿಂಬಿ ಮಗ್ಗದ ಮನೆಯ ಕಡೆ ನೋಡಿದಳು. "ಯಾರಂತ ತಿಳಕೋಬೇಕಿತ್ತರಿ? ಇರೂದ ಒಬ್ಬರು."

ಕಾಸಿಂಬಿಯ ಉತ್ತರ ಶಿವಬಸವ್ವನಿಗೆ ನೋಡದೆಯೂ ನೆನಪಿತ್ತು. 'ಇಲ್ಲವೇ ಇಲ್ಲ.' ಅಂಚಿನಲ್ಲಿ: 'ಮಾತು ಕೊಟ್ಟು ತಪ್ಪಿದರು.' ಅದರ ಹಿಂದಿನದನ್ನು ಕಾಸಿಂಬಿ ಈಗ ಬಿಡಿಸಿ ಹೇಳಿದಳು. ಹಿರಿಯ ಮಗಳು ಜೈನಬಿ ಓದಿನಲ್ಲಿ ಜಾಣೆ. ಮ್ಯಾಟ್ರಿಕ್ ಮುಗಿಯುವ ತನಕ ಅವಳ ಮದುವೆಯ ಮಾತೆತ್ತುವುದಿಲ್ಲ ಎಂದು ಶಾಬುದ್ದೀನ ಹೆಂಡತಿಗೆ ಮಾತು ಕೊಟ್ಟಿದ್ದ. ಅವಳು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ತನ್ನ ಅಣ್ಣ ಒಂದು ಸಂಬಂಧ ತಂದ ಕೂಡಲೇ, ಹೆಂಡತಿಯನ್ನು ಕೇಳದೆ ಹೂಂ ಎಂದು ಬಂದಿದ್ದ. ಆ ಮಾತು ತಪ್ಪಿದ್ದು ಯಾರು ಎಂದು ಶಿವಬಸವ್ವ ಆಗ ಕೇಳಿರಲೇ ಇಲ್ಲ. ಯಾವುದೋ ಜಾತಿಯ ಮುಖಂಡರಿರಬೇಕು ಎಂದುಕೊಂಡು ಹದಿನೆಂಟನೆಯ ಪ್ರಶ್ನೆಗೆ ಹೋಗಿದ್ದಳು.

"ತಪ್ಪು ನಂದು" ಎಂದಳು. "ನಾ ನಿಮ್ಮ ಜಾತಿ ಮಂದಿ ಬಗ್ಗೆ ಕೇಳಿದ್ದೆ. ನೀವು ಗಂಡನ ಬಗ್ಗೆ ಹೇಳಿದ್ರಿ. ಇದನ್ನ ಹಿರ್ಯಾರಿಗೆ ಬಿಡಿಸಿ ಹೇಳಿದ್ರ ಮುಗೀತು. ಪತ್ರಿಕಾಕ್ಕೂ ಬರೀತೇನಿ."

ಕಾಸಿಂಬಿಯ ಕೈಯಲ್ಲಿದ್ದ ಕಂಡಿಕೆ ಉರುಳಿ ಬಿತ್ತು. "ಏ, ಅಕ್ಕಾರ! ನಿಮ್ಮ ಕಾಲ ಬೀಳತೇನಿ, ಬ್ಯಾಡ್ರಿ."

"ಇಲ್ಲಂದ್ರ ನೀವು ನಿಮ್ಮ ಮಂದಿಗೇ ಎರಡ ಬಗದ್ರಿ ಅಂತ ಆಗತೈತಲ್ಲ?"

"ಆಗವಲ್ತ್ಯಾಕ! ಜಮಾತನ್ನ ನಂಬಂಗಿಲ್ಲ ಅಂದ್ರ ನಾಕ ದಿನ ಬೈತಾರ, ಐದನೇ ದಿನ ಮರೀತಾರ. ಅವರ ಮುಂದ ನಾ ರೊಟ್ಟಿ ಬಡದ ಹಾಕಬೇಕೇನ್ರಿ? ಇವರ ಮುಂದ ಹಾಕಬೇಕು. ದಿನಾ, ಎರಡೂ ಹೊತ್ತು." ಅವಳು ಬಿದ್ದ ಕಂಡಿಕೆ ಎತ್ತಿಕೊಂಡಳು. "ಅಷ್ಟ ಮಂದ್ಯಾಗ ಎದ್ದ ನಿಂತು, ಆಕಿ ನನ್ನ ನಂಬ್ಯಾಳ ಅಂತ ಹೇಳಿ ಬಂದಾರ್ರಿ. ಅದನ್ನ ಕೇಳಿದ ದಿನದಿಂದ ನನಗ ತುತ್ತ ಇಳಿವಲ್ದು."

ಆಚೆ ಮನೆಯ ಗಿಡ್ಡ ಗೋಡೆಯ ಮೇಲೆ ಒಂದು ತಲೆ ಕಾಣಿಸಿತು. ಈ ಅಂಗಳಕ್ಕೆ ಕಾಲಿಡಬೇಡವೆಂದು ದೈವದವರಿಂದ ಹೇಳಿಸಿಕೊಂಡಿದ್ದ ರಂಗವ್ವ. ಕಾಲಿಡಬೇಡ ಎಂದಿದ್ದರು, ಗೋಡೆಯ ಆಚೆ ನಿಂತು ಮಾತಾಡಬೇಡ ಎಂದಿರಲಿಲ್ಲ. ಕಾಸಿಂಬಿ ಎದ್ದುಹೋಗಿ ಪಿಸುದನಿಯಲ್ಲಿ ವಿಷಯ ಹೇಳಿದಳು. ರಂಗವ್ವ ನಗಬೇಕೋ ಅಳಬೇಕೋ ತಿಳಿಯದೆ ಸೆರಗು ಬಾಯಿಗೆ ಒತ್ತಿಕೊಂಡಳು.

"ಅಕ್ಕಾರ, ನನ್ನ ಹಾಳಿ ಒಲ್ಯಾಗ ಹಾಕಬಿಡ್ರಿ" ಎಂದಳು. "ನಾ ಕುಲಗೇಡಿ ಅನಸಿಕೊಂಡ ಇರತೇನಿ. ಅದ ತಡಕೋಬಹುದು. ನಾ ಅಂದಿದ್ದು ನಮ್ಮವರ ಕಿವಿಗೆ ಬಿದ್ರ ತಡಕೊಳ್ಳಾಕ ಆಗಂಗಿಲ್ಲ."

ಶಿವಬಸವ್ವ ಹಿರಿಯರನ್ನು ನೋಡದೆಯೇ ತಿರುಗಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಂದೇ ವಿಚಾರ. ನಿಜ ಬರೆದರೆ ನೂರಿಪ್ಪತ್ತು ಮನೆಗಳಲ್ಲಿ ಗಂಡಂದಿರು ಹೆಂಡತಿಯನ್ನು ಎದುರಿಗೆ ನಿಲ್ಲಿಸಿಕೊಂಡು, ಏನು ಹೇಳಿದಿ ಎಂದು ಕೇಳುತ್ತಾರೆ. ಸುಮ್ಮನಿದ್ದರೆ ಅವಳಿಗೆ ಡಾಕ್ಟರೇಟು ಬರುತ್ತದೆ, ಅಂಗಳ ಮಾತ್ರ ಮುಚ್ಚಿಯೇ ಇರುತ್ತದೆ, ಸುಳ್ಳು ನಿಂತೇ ಇರುತ್ತದೆ. ಎಷ್ಟು ಚೆಂದದ ಸುಳ್ಳು ಅದು! ಗೋಡೆಯ ಮೇಲೆ ಬಟ್ಟೆ ಒಣಹಾಕುವ ಹೆಂಗಸರು! ತನ್ನ ಅಪ್ಪನಿಗೆ ಕೊಡಬೇಕಾಗಿದ್ದ ಉತ್ತರವನ್ನು ಈ ಬಡ ಹೆಂಗಸರ ಬಾಯಲ್ಲಿ ಹುಡುಕಿದೆನೇ ಎಂದು ಅವಳಿಗೆ ಅಳು ಬಂತು. ಮಗ್ಗುಲಲ್ಲಿ ಕೂತಿದ್ದವರು ದೂಳು ಬರುತ್ತದೆಂದು ತಿಳಿದು ಕಿಟಕಿ ಮುಚ್ಚಿದರು.

ಮರುವಾರದ ಪತ್ರಿಕೆಯಲ್ಲಿ, ಬೀಜ ಗೊಬ್ಬರದ ಜಾಹೀರಾತಿನ ಕೆಳಗೆ ಅವಳ ನಾಲ್ಕು ಸಾಲು ಅಚ್ಚಾದವು. 'ಇಳಕಲ್ಲ ಹೆಂಗಸರ ಬಗ್ಗೆ ನಾನು ಹೇಳಿದ್ದು ನಿಲ್ಲುವುದಿಲ್ಲ. ಒಂದು ಪ್ರಶ್ನೆಯನ್ನು ನಾನು ಕೇಳಿದ ರೀತಿಯೇ ತಪ್ಪು. ತಪ್ಪು ಕೇಳಿದವಳದು, ಹೇಳಿದವರದಲ್ಲ. ಆ ಉತ್ತರಗಳನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.' ಯಾವ ಪ್ರಶ್ನೆ, ಯಾರು ಹೇಗೆ ತಿಳಿದುಕೊಂಡರು ಎಂಬುದನ್ನು ಬರೆಯಲಿಲ್ಲ.

ಧಾರವಾಡದ ಗೈಡು ಐದನೆಯ ಅಧ್ಯಾಯವಿಲ್ಲದ ಪ್ರಬಂಧವನ್ನು ಕೈಯಲ್ಲಿ ತೂಗಿ ನೋಡಿದರು. "ಇದರಲ್ಲಿ ಇದ್ದದ್ದೇ ಆ ಅಧ್ಯಾಯ. ಏನಾಯಿತು ಎಂದಾದರೂ ಹೇಳಿ" ಎಂದರು. ಹೇಳುವಂತಿಲ್ಲ ಎಂದಳು. 'ಸಂಶೋಧಕಿಯ ಬೇಜವಾಬ್ದಾರಿ' ಎಂದು ಷರಾ ಬರೆದು, ಹೊಸದಾಗಿ ಕೇಳಿಕೊಂಡು ಬರಲು ಎರಡು ವರ್ಷ ಕೊಡಿಸಿದರು. ಕಾಲೇಜಿನ ಸ್ಟಾಫ್‌ರೂಮಿನಲ್ಲಿ, ಮೇಡಮ್ಮಿಗೆ ಪ್ರಶ್ನೆ ಕೇಳಲು ಬರುವುದಿಲ್ಲವಂತೆ ಎಂದು ನಗೆಯಾಡಿದರು. ಅದು ಅವಳ ಕಿವಿಗೂ ಬಿತ್ತು.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಶಾಬುದ್ದೀನ ಮತ್ತೆ ಬಂದ. ಅವಳು ಎಂದಿನಂತೆ ಕಿಟಕಿ ಮೇಜಿನ ನಡುವೆ ಅಡ್ಡಾಡುತ್ತಿದ್ದಳು. ಆತ ಈ ಸಲವೂ ಚೌಕಟ್ಟಿಗೆ ಆತು ನಿಂತ.

"ಅಂಗಳ ಚಾಲೂ ಆತ್ರಿ" ಎಂದ. "ರಂಗವ್ವ ಬರಾಕ ಹತ್ಯಾಳ. ಹಿರ್ಯಾರಿಗೂ ಲಗ್ನದ ಸೀರಿ ಬೇಕಲ್ರಿ, ಸೆರಗ ಇಲ್ಲದ ಸೀರಿ ಯಾರ ಉಡತಾರ?"

"ಛಲೋ ಆತು" ಎಂದಳು. ಆದರೆ ಇಷ್ಟನ್ನು ಹೇಳಲು ಆತ ಒಂದು ದಿನದ ನೇಯ್ಗೆ ಬಿಟ್ಟು ಬಂದಿರಲಾರ ಎಂದೂ ಅನಿಸಿತು.

"ನೀವ ಬರದಿದ್ದು ಓದಿದೆ. ಒಂದ ಪ್ರಶ್ನಿ ತಪ್ಪು ಅಂತ ಇತ್ತು. ಯಾವುದು ಅಂತ ಇರಲಿಲ್ಲ." ಶಾಬುದ್ದೀನ ನೆಲ ನೋಡುತ್ತ ಮಾತಾಡಿದ. "ಹ್ವಾದ ವಾರ ಮಗ್ಗದಾಗ ಕುಂತಿದ್ನಿ. ಹೊರಗ ಯಾರೋ ನನ್ನ ಕೇಳಿಕೊಂಡ ಬಂದ್ರು. ಮನಿಯಾಕಿ ಅಂದ್ಲು, 'ನಮ್ಮವರು ಮಗ್ಗದಾಗ ಅದಾರ' ಅಂತ. ಇಪ್ಪತ್ತೆರಡ ವರ್ಷದಿಂದ ಆಕಿ ಹಂಗ ಅಂತಾಳ. ಅವತ್ತ ನನ್ನ ಕೈಯಾನ ಲಾಳಿ ನಿಂತಬಿಡ್ತು. ಪತ್ರಿಕಾದಾಗ ಮೊದಲ ಬಂದಿದ್ದು ನೆನಪಾತು. ತಮ್ಮವರ ಮ್ಯಾಲ ನಂಬಿಕಿ ಇಲ್ಲ ಅಂತ."

ಶಿವಬಸವ್ವ ಮೇಜಿನ ಅಂಚು ಹಿಡಿದುಕೊಂಡಳು. ಅಲ್ಲ ಎನ್ನಬೇಕು. ನಿಮ್ಮ ಹೆಂಡತಿ 'ಪೂರ್ತಿ' ಎಂದಿದ್ದಾಳೆ ಎನ್ನಬೇಕು. ಬಾಯಿ ತೆರೆದಳು.

"ಬ್ಯಾಡ್ರಿ ಅಕ್ಕಾರ. ಹಾಳಿ ನೋಡಾಕ ಬಂದಿಲ್ಲ. ಮಂದ್ಯಾಗ ಎದ್ದ ನಿಂತು ಅಷ್ಟ ದೊಡ್ಡ ಮಾತ ಆಡಿ ಬಂದೆ. ಮನ್ಯಾಗ ಆಕಿ ತಲಿ ಬಗ್ಗಿಸಿ ತಾಟ ಇಟ್ಲು. ಸಂತೋಷ ಆಗೇತಿ ಅಂತ ತಿಳಕೊಂಡಿದ್ನಿ." ಆತ ಚೌಕಟ್ಟು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದ. "ಜೈನಬಿದು ಆಗಿ ಹೋತು. ಅದನ್ನ ತಿದ್ದಾಕ ಬರಂಗಿಲ್ಲ. ಸಣ್ಣಾಕಿ ಅಮೀನಬಿ ಎಂಟನೇ ಇಯತ್ತ್ಯಾಗ ಅದಾಳ. ನನ್ನ ಅಣ್ಣ ಆಗಲೇ ಒಂದ ಮನಿ ನೋಡೇನಿ ಅಂತ ಬಂದಿದ್ದ. ಒಲ್ಲೆ ಅಂದೀನಿ. ಮ್ಯಾಟ್ರಿಕ್ ಆಗಾಕ ಎರಡ ವರ್ಷ ಬೇಕು. ಎರಡ ವರ್ಷ ಬಿಟ್ಟು ನೀವ ಇಳಕಲ್ಲಿಗೆ ಬಂದು ಮನಿಯಾಕಿನ್ನ ಕೇಳ್ರಿ."

"ಏನಂತ ಕೇಳ್ಲಿ?"

"ಅದ ಪ್ರಶ್ನಿ."

"ಅದನ್ನ ಹೊಡದ ಹಾಕೇನ್ರಿ. ಹೊಸಾ ಹಾಳ್ಯಾಗ ಅದಿಲ್ಲ. ಇದ್ದರೂ ತಿದ್ದಿ ಕೇಳಬೇಕಾಗತೈತಿ."

"ತಿದ್ದಬ್ಯಾಡ್ರಿ" ಎಂದ ಶಾಬುದ್ದೀನ. "ಹೆಂಗ ಇತ್ತು ಹಂಗ ಕೇಳ್ರಿ. ಏನಂದ್ಲು ಅಂತ ನನಗ ಹೇಳೂದೂ ಬ್ಯಾಡ. ನೀವ ಕೇಳಿದ್ರ ಸಾಕು."

ಹಾಗೆಂದು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಮೊದಲ ಸಲ ಅವಳ ಎದುರಿನ ಕುರ್ಚಿಯ ಮೇಲೆ ಕೂತ. ಆತ ಕೂತಮೇಲೆ ಅವಳೂ ಕೂತಳು. ಹೊಸ ಪ್ರಶ್ನೆಗಳ ಹಾಳೆ ಮೇಜಿನ ಮೇಲೇ ಇತ್ತು. ಹದಿನಾರಾದ ಮೇಲೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ಶಿವಬಸವ್ವ ಹದಿನೇಳು ಎಂದು ಹಾಕಿ, ಹಳೆಯ ಪ್ರಶ್ನೆಯನ್ನೇ ಒಂದು ಅಕ್ಷರವನ್ನೂ ಬದಲಿಸದೆ, ಆತನಿಗೆ ಕಾಣುವ ಹಾಗೆ ಬರೆದಳು.